ಮೀನು ಚಹಾ ಕುಡಿದಿರಲಿಲ್ಲ

ಅವಳಿಗೆ ಮೊದಲು ಕಂಡದ್ದು ಸತ್ತ ಮೀನು.

ಮಧ್ಯಾಹ್ನ ಮೂರು ಗಂಟೆ. ಔಷಧಿ ಅಂಗಡಿಯಲ್ಲಿ ಅರ್ಧ ದಿನದ ರಜೆ ಕೇಳಿಕೊಂಡು ಬಂದಿದ್ದಳು. ರಜೆಗೆ ಕಾರಣವೂ ಆ ಮೀನೇ. ಬೆಳಿಗ್ಗೆ ಅದು ಮನೆಗೆ ಬರುವುದಿತ್ತು, ಹೇಗಿದೆಯೋ ನೋಡುವ ಆಸೆ. ಬಾಗಿಲು ತೆಗೆದರೆ ಎದುರಿಗೇ ತೊಟ್ಟಿ. ಗೋಡೆಯುದ್ದದ ಗಾಜು, ನೀಲಿ ದೀಪ, ಉಪ್ಪು ನೀರು, ಕಲ್ಲುಗಳ ಮೇಲೆ ಬೆಳೆದ ಜೀವಂತ ಹವಳ. ನೀರೊಳಗೆ ತೂತುತೂತಿನ ಒಂದು ಪಾರದರ್ಶಕ ಡಬ್ಬಿ ನೇತಾಡುತ್ತಿತ್ತು. ಅದರ ತಳದಲ್ಲಿ ಅಂಗೈ ಅಗಲದ ಹಳದಿ ಮೀನು ಮಗ್ಗುಲಾಗಿ ಬಿದ್ದಿತ್ತು.

"ಅಯ್ಯೋ, ಸತ್ತೇ ಹೋಯ್ತಾ?"

ಆಮೇಲೆ ಸೋಫಾದ ಹಿಂದಿನಿಂದ ಚಾಚಿಕೊಂಡಿದ್ದ ಕಾಲು ಕಂಡಿತು.

ಗಂಡನ ಕಾಲು! ಮೀನಿಗೋಸ್ಕರ ಆ ದಿನ ತನ್ನ ಕನ್ನಡಕದಂಗಡಿಗೆ ಬೀಗ ಹಾಕಿ ಮನೆಯಲ್ಲೇ ಉಳಿದಿದ್ದ ಗಂಡ ನೆಲದ ಮೇಲೆ ಬಿದ್ದಿದ್ದ. ಎಳೆದ ಒಂದೊಂದು ಉಸಿರೂ ಸೀಟಿ ಹೊಡೆಯುತ್ತಿತ್ತು. ತುಟಿ ನೀಲಿಗಟ್ಟಿತ್ತು. ಪಕ್ಕದಲ್ಲಿ ಉರುಳಿದ ಚಹಾದ ಲೋಟ.

"ರೀ! ಏನಾಯ್ತು ರೀ?"

ಅವನು ಕಷ್ಟಪಟ್ಟು ಕೈ ಎತ್ತಿದ. ತೊಟ್ಟಿಯ ಕಡೆ ತೋರಿಸಿದ. ಕೈ ಬಿತ್ತು. ಇಂಥ ಹೊತ್ತಿನಲ್ಲೂ ಈ ಮನುಷ್ಯನಿಗೆ ಮೀನಿನ ಚಿಂತೆಯೇ, ಎಂದುಕೊಂಡಳು. ಆ ಯೋಚನೆಗಾಗಿ ಆಮೇಲೆ ಬಹಳ ದಿನ ನಾಚಿಕೊಂಡಳು.

ಆಂಬುಲೆನ್ಸಿಗೆ ಫೋನ್ ಮಾಡಿದಳು. ಹತ್ತು ನಿಮಿಷ ಎಂದರು. ಗಂಡನ ತಲೆಯ ಕೆಳಗೆ ದಿಂಬು ಕೊಟ್ಟಳು, ಕಿಟಕಿ ತೆಗೆದಳು. ಇನ್ನೇನು ಮಾಡಬೇಕೋ ತೋಚಲಿಲ್ಲ. ತೋಚದಿದ್ದಾಗ ಅವಳ ಕೈ ತಾನಾಗಿಯೇ ಏನಾದರೊಂದು ತೊಳೆಯಲು ಶುರುಮಾಡುತ್ತದೆ. ಚಿಕ್ಕಂದಿನ ಅಭ್ಯಾಸ. ಉರುಳಿದ ಲೋಟ ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದಳು.

"ಏನು ತೊಳೀತಿದೀಯಾ?"

ಗಂಡನ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ಕೋಣೆಯಿಂದ ಗೋಡೆ ಹಿಡಿದುಕೊಂಡು ಎದ್ದು ಬಂದಿದ್ದಳು. ದನಿ ಒಡೆದಿತ್ತು. ಆ ಹಿರಿಯ ನಾದಿನಿ ಹಾಲ್‌ನಲ್ಲಿ ಬಿದ್ದ ತಮ್ಮನನ್ನು ನೋಡಿದಳು. ಒದ್ದೆ ಲೋಟವನ್ನು ನೋಡಿದಳು. ಮೇಜಿನ ಮೇಲಿನ ಫ್ಲಾಸ್ಕನ್ನು ಕಿತ್ತುಕೊಂಡು ಮುಚ್ಚಳಕ್ಕೆ ನಾಲ್ಕು ಹನಿ ಚಹಾ ಬಗ್ಗಿಸಿ ನಾಲಿಗೆಗೆ ಮುಟ್ಟಿಸಿ, ಥೂ ಎಂದು ಉಗುಳಿದಳು.

"ತುಕ್ಕು! ಚಹಾ ತುಕ್ಕು ತುಕ್ಕು! ಏನು ಹಾಕಿದ್ದೆ ಇದರಲ್ಲಿ? ಮಾತ್ರೆ ಅಂಗಡಿಯವಳೇ, ನನ್ನ ತಮ್ಮನಿಗೆ ಏನು ಹಾಕಿದ್ದೆ?"

ಲೋಟ ಅವಳ ಕೈಯಿಂದ ಜಾರಿತು.

*

ಆಸ್ಪತ್ರೆಯ ಡಾಕ್ಟರಮ್ಮ ಸುತ್ತಿಬಳಸಿ ಮಾತನಾಡುವವರಲ್ಲ.

"ಹೊಟ್ಟೆ ತೊಳೆದಿದ್ದೀವಿ. ಏನೂ ಸಿಗಲಿಲ್ಲ. ಆದ್ರೆ ವಿಷದ ಲಕ್ಷಣ ಎದ್ದು ಕಾಣ್ತಿದೆ. ಯಾವ ವಿಷ, ಹೇಗೆ ಒಳಗೆ ಹೋಯ್ತು ಅಂತ ಗೊತ್ತಾದ್ರೆ ದಾರಿ ಸಿಗುತ್ತೆ. ಇಲ್ಲಾಂದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗೆ. ಕತ್ತಲಾಗೋದರೊಳಗೆ ನನಗೆ ಉತ್ತರ ಬೇಕು."

"ಚಹಾ ಪರೀಕ್ಷೆ..."

"ಅದರ ಫಲಿತಾಂಶ ನಾಳೆ. ನಾಳೆವರೆಗೆ ಅವರು ಕಾಯ್ತಾರಾ ಅನ್ನೋದೇ ಪ್ರಶ್ನೆ."

ಮದುವೆಯಾಗಿ ಮೂರು ತಿಂಗಳು. ಇವನಿಗೆ ಎಷ್ಟು ಚಮಚ ಸಕ್ಕರೆ ಎಂಬುದು ಈಗಷ್ಟೇ ಗೊತ್ತಾಗಿತ್ತು. ಅಷ್ಟರಲ್ಲಿ ಪೊಲೀಸರು ಬಂದರು. ಕರೆಸಿದವಳು ನಾದಿನಿ.

*

ಐದು ಗಂಟೆಗೆ ಎಲ್ಲರೂ ಮತ್ತೆ ಆ ಮನೆಯ ಹಾಲ್‌ನಲ್ಲಿ ಕುಳಿತಿದ್ದರು. ನಾದಿನಿ ಸೋಫಾದ ಒಂದು ತುದಿಗೆ, ಅವಳು ಇನ್ನೊಂದು ತುದಿಗೆ. ನಡುವೆ ಇನ್ನೂ ಮೂವರು ಕೂರಬಹುದಾಗಿತ್ತು. ಎದುರಿಗೆ ಇನ್ಸ್‌ಪೆಕ್ಟರ್, ಬಾಗಿಲಲ್ಲಿ ಕಾನ್‌ಸ್ಟೇಬಲ್.

ಇನ್ಸ್‌ಪೆಕ್ಟರಿಗೆ ಠಾಣೆಯಲ್ಲಿ ‘ಊಟಾಯ್ತಾ ಸಾಹೇಬರು’ ಎಂದೇ ಹೆಸರು. ಕಳ್ಳನಿರಲಿ ಕೊಲೆಗಾರನಿರಲಿ, ಮೊದಲ ಪ್ರಶ್ನೆ ಅದೇ. ಹೊಟ್ಟೆ ತುಂಬಿದವನು ಕತೆ ಕಟ್ಟುತ್ತಾನೆ, ಹಸಿದವನು ನಿಜ ಹೇಳುತ್ತಾನೆ ಎಂಬುದು ಅವರ ನಂಬಿಕೆ.

"ಊಟ ಆಯ್ತಾಮ್ಮ?"

ಅವಳು ಬಿಕ್ಕಿಬಿಕ್ಕಿ ಅತ್ತುಬಿಟ್ಟಳು. ಮೂರು ತಿಂಗಳಲ್ಲಿ ಈ ಮನೆಯಲ್ಲಿ ಆ ಮಾತು ಯಾರೂ ಕೇಳಿರಲಿಲ್ಲ. ಗಂಡ ಮೀನಿಗೆ ಊಟ ಆಯಿತೇ ಎಂದು ದಿನಾ ಕೇಳುತ್ತಿದ್ದ. ನಾದಿನಿ ಅದನ್ನೂ ಕೇಳುತ್ತಿರಲಿಲ್ಲ.

"ಅಳಬೇಡಿ. ಚಹಾ ಮಾಡಿದ್ದು ಯಾರು?"

"ನಾನೇ ಸಾರ್. ಎಂಟು ಗಂಟೆಗೆ. ಫ್ಲಾಸ್ಕಿಗೆ ಹಾಕಿಟ್ಟು ಕೆಲಸಕ್ಕೆ ಹೋದೆ."

"ನೀವು ಕುಡಿದ್ರಾ?"

"ಕುಡಿದೆ. ಅದೇ ಚಹಾ."

"ಯಾರು ನೋಡಿದ್ರು?"

"...ಯಾರೂ ಇಲ್ಲ."

"ಅಂಗಡಿಯಲ್ಲಿ ಬೀಗ ಹಾಕಿಡೋ ಔಷಧಿಗಳಿರ್ತವೆ. ಬೀಗದ ಕೈ ಯಾರ ಹತ್ರ?"

"ನನ್ನ ಹತ್ರ."

"ಗಂಡ ನೆಲದ ಮೇಲೆ ಬಿದ್ದಿರೋವಾಗ ಅವರ ಲೋಟ ಯಾಕೆ ತೊಳೆದ್ರಿ?"

ಈ ಪ್ರಶ್ನೆಗೆ ಅವಳಲ್ಲಿ ಇದ್ದದ್ದು ನಿಜವಾದ ಉತ್ತರ ಒಂದೇ. ಅದು ಎಷ್ಟು ಪೊಳ್ಳಾಗಿ ಕೇಳಿಸುತ್ತದೆ ಎಂಬುದು ಬಾಯಿಬಿಡುವ ಮೊದಲೇ ಗೊತ್ತಿತ್ತು. "ಗಾಬರಿಯಾದ್ರೆ ನಾನು... ಏನಾದ್ರೂ ತೊಳೀತೀನಿ ಸಾರ್."

ಕಾನ್‌ಸ್ಟೇಬಲ್ ಕೆಮ್ಮಿದ. ಕೆಮ್ಮಿನಲ್ಲಿ ನಗೆ ಇತ್ತು. ಅವಳಿಗೆ ಭಯವಾಯಿತು. ಜೈಲಿನ ಭಯ ಅದಲ್ಲ. ಇವರು ತನ್ನ ಕಡೆ ನೋಡುತ್ತ ಕಳೆಯುವ ಒಂದೊಂದು ನಿಮಿಷವೂ ಅವನ ಉಸಿರಿನ ಲೆಕ್ಕದಿಂದ ಹೋಗುತ್ತಿತ್ತು. "ನನ್ನನ್ನ ಆಮೇಲೆ ಹಿಡ್ಕೊಂಡು ಹೋಗಿ ಸಾರ್. ಮೊದಲು ಅವರಿಗೆ ಏನಾಯ್ತು ಅಂತ ಹುಡುಕಿ! ಬಿದ್ದಲ್ಲಿಂದಲೇ ತೊಟ್ಟಿ ಕಡೆ ಕೈ ತೋರಿಸಿದ್ರು ಸಾರ್."

ಇನ್ಸ್‌ಪೆಕ್ಟರ್ ಅವಳನ್ನು ಒಂದು ಕ್ಷಣ ನೋಡಿ ಸೋಫಾದ ಇನ್ನೊಂದು ತುದಿಗೆ ತಿರುಗಿದರು.

"ಊಟ ಆಯ್ತಾ ತಾಯಿ?"

"ಯಾವ ಊಟ! ಮಧ್ಯಾಹ್ನ ಒಂದು ತುಂಡು ಬ್ರೆಡ್ ಬಾಯಿಗಿಟ್ಟೆ. ಕೆಟ್ಟುಹೋಗಿತ್ತು. ಉಗುಳಿ ಹೋಗಿ ಮಲಗಿದೆ."

"ಮಲಗಿದ್ರಾ? ಹುಷಾರಿರಲಿಲ್ವಾ?"

"ತಲೆನೋವು. ನನ್ನ ಮಾತು ಯಾಕೆ? ಆ ಚಹಾ ಕೇಳಿ. ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಿತ್ತು."

"ತಮ್ಮನಿಗೂ ಇವರಿಗೂ ಜಗಳ ಇತ್ತಾ?"

"ಜಗಳ ಇವಳಿಗಿಲ್ಲ, ನನಗಿತ್ತು." ನಾದಿನಿ ಕೆಮ್ಮಿದಳು, ಎದೆ ಹಿಡಿದುಕೊಂಡಳು. "ಅವನ ಮೊದಲನೇ ಹೆಂಡತಿ ಹೋದ ಮೇಲೆ ಆರು ವರ್ಷ ಈ ಮನೆ ನಡೆಸಿದೀನಿ. ಪಾತ್ರೆ, ಬಟ್ಟೆ, ಬಾಚಣಿಗೆ ಎಲ್ಲಾ ಕುದಿಯೋ ನೀರಲ್ಲಿ ತೊಳೆದು ಕನ್ನಡಿ ಹಾಗೆ ಇಟ್ಟಿದ್ದೆ. ಇವಳು ಬರೋ ಒಂದು ವಾರ ಮುಂಚೆ ಎಲ್ಲಾ ತಲೆಕೆಳಗು ಮಾಡಿದ. ನನ್ನ ಮಂಚ ಹಿಂದಿನ ಕೋಣೆಗೆ ಹೋಯ್ತು. ಬೀರು ಅತ್ತಲಿಂದ ಇತ್ತ. ಕೇಳಿದ್ರೆ ಕಾರಣ ಹೇಳಲ್ಲ, ಅವನು ಯಾವುದಕ್ಕೂ ಕಾರಣ ಹೇಳಿದವನಲ್ಲ. ಕೊನೆಗೆ ನನ್ನ ಕನ್ನಡಿ ತಗೊಂಡು ಮೀನಿಗೆ ಕೊಟ್ಟ!"

"ಮೀನಿಗೆ ಕನ್ನಡಿ?"

ತೊಟ್ಟಿಯ ಪಕ್ಕದ ಗಾಜಿಗೆ ಟೇಪು ಹಚ್ಚಿ ಒಂದು ಮರದ ಚೌಕಟ್ಟಿನ ಕನ್ನಡಿ ಅಂಟಿಸಿತ್ತು. ಇನ್ಸ್‌ಪೆಕ್ಟರ್ ಅವಳ ಕಡೆ ನೋಡಿದರು.

"ಅದು ಹಳೇ ಮೀನಿಗೋಸ್ಕರ ಸಾರ್," ಅವಳು ಕಣ್ಣೊರೆಸಿಕೊಂಡಳು. "ಅದಕ್ಕೆ ಯಜಮಾನ ಅಂತ ಹೆಸರು. ಒಂಬತ್ತು ವರ್ಷದಿಂದ ಈ ತೊಟ್ಟಿಯಲ್ಲಿ ಒಂದೇ ಇದೆ. ಅದೇ ಜಾತಿಯ ಇನ್ನೊಂದನ್ನ ತಂದುಬಿಟ್ರೆ ಸುಮ್ಮನಿರಲ್ಲ. ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳಿದೆ, ಸೀಳೇ ಹಾಕುತ್ತಂತೆ. ಅದಕ್ಕೆ ಮೊದಲು ಕನ್ನಡಿ. ಎದುರಿಗೆ ಇನ್ನೊಂದಿದೆ ಅಂತ ರೂಢಿಯಾಗಲಿ ಅಂತ. ಆಮೇಲೆ ಹೊಸದನ್ನ ಡಬ್ಬಿಯಲ್ಲಿಟ್ಟು ನೀರಿಗೆ ಬಿಡೋದು. ಎರಡೂ ನೋಡ್ಕೋಬಹುದು, ಮುಟ್ಟೋಕಾಗಲ್ಲ. ಹಾಗೇ ಕಲ್ಲುಗಳ ಜಾಗ ಬದಲಾಯಿಸೋದು. ತನ್ನ ಮನೆ ಯಾವುದು ಅಂತ ಹಳಬನಿಗೇ ಗೊತ್ತಾಗದ ಹಾಗೆ. ಇವರು ಎಷ್ಟೋ ದಿನದಿಂದ..."

"ಒಂದು ಒರೆಯಲ್ಲಿ ಎರಡು ಕತ್ತಿ," ಎಂದರು ಇನ್ಸ್‌ಪೆಕ್ಟರ್.

"ಸಾರ್, ಹಾಗಾದ್ರೆ ಮೀನಿನ ಕೊಲೆ ಮಾಡಿದ್ದು ಯಜಮಾನ," ಎಂದ ಕಾನ್‌ಸ್ಟೇಬಲ್, ಒಂದು ಪ್ರಕರಣವಾದರೂ ಮುಗಿಯಿತಲ್ಲ ಎಂಬ ನೆಮ್ಮದಿಯಿಂದ.

ಇನ್ಸ್‌ಪೆಕ್ಟರ್ ಎದ್ದು ಗಾಜಿಗೆ ಮೂಗು ತಾಗಿಸಿ ನಿಂತರು. ಸತ್ತ ಮೀನು ಡಬ್ಬಿಯೊಳಗೇ ಇತ್ತು. ಮುಚ್ಚಳ ಭದ್ರವಾಗಿತ್ತು. ಮೈಮೇಲೆ ಒಂದು ಗೀರೂ ಇರಲಿಲ್ಲ. ಅವರು ಇನ್ನೊಂದು ಮೀನನ್ನು ಹುಡುಕಿದರು. ಯಜಮಾನ ಮೂಲೆಯಲ್ಲಿ, ನೀರಿನ ಮೇಲ್ಪದರಕ್ಕೆ ಬಾಯಿಟ್ಟು, ಓರೆಯಾಗಿ ತೇಲುತ್ತ ಗಪ್ ಗಪ್ ಎಂದು ಬಾಯಿ ಬಿಡುತ್ತಿತ್ತು.

"ಕೊಲೆಗಾರನೇ ಸಾಯ್ತಿದಾನಲ್ಲ!"

ಅಷ್ಟರಲ್ಲಿ ಅವಳ ಫೋನ್ ಹೊಡೆಯಿತು. ಡಾಕ್ಟರಮ್ಮ. "ಏನಾದ್ರೂ ಗೊತ್ತಾಯ್ತಾ? ಉಸಿರಾಟ ಇಳೀತಾ ಇದೆ. ಯಂತ್ರಕ್ಕೆ ಹಾಕ್ತಾ ಇದ್ದೀವಿ." ಕಿಟಕಿಯ ಹೊರಗೆ ಬಿಸಿಲು ಎದುರುಮನೆಯ ಗೋಡೆಯ ಅರ್ಧಕ್ಕೆ ಏರಿಬಿಟ್ಟಿತ್ತು. ಆ ಗೆರೆ ಮೇಲೆ ಹೋಗುವುದನ್ನೇ ಅವಳು ನೋಡುತ್ತ ಕುಳಿತಳು.

ಇನ್ಸ್‌ಪೆಕ್ಟರ್ ಮೀನಂಗಡಿಯವನನ್ನು ಕರೆತರಲು ಕಾನ್‌ಸ್ಟೇಬಲನನ್ನು ಓಡಿಸಿದರು. ತಾವು ಮನೆಯೆಲ್ಲ ಸುತ್ತಿದರು. ಮುಂದಿನ ಕೋಣೆ, ಅಡುಗೆಮನೆ, ಹಿಂದಿನ ಕೋಣೆ, ಅದಕ್ಕೆ ಹತ್ತಿಕೊಂಡಿದ್ದ ಬಚ್ಚಲು. ಬಚ್ಚಲಿನ ಬಾಗಿಲು ಮುಚ್ಚಿತ್ತು. ತೆಗೆದವರೇ ಕೆಮ್ಮಿ ಹಿಂದೆ ಸರಿದರು. ಒಳಗೆ ಒಂದು ಬಕೆಟ್. ಪಕ್ಕದಲ್ಲಿ ಒದ್ದೆ ಟವೆಲ್. ಅವರು ಬಕೆಟ್ಟಿನ ಹೊರಮೈಗೆ ಅಂಗೈ ಇಟ್ಟು ಹಾಗೇ ನಿಂತರು.

"ಈ ಬಕೆಟ್ ಯಾರದು?"

"ಅವರದೇ ಸಾರ್," ಎಂದಳು ಅವಳು. "ತೊಟ್ಟಿಯಿಂದ ತೆಗೆದ ದೊಡ್ಡ ಕಲ್ಲನ್ನ ಉಪ್ಪು ನೀರಲ್ಲಿ ಹಾಕಿ ಅಲ್ಲಿಡ್ತೀನಿ ಅಂದಿದ್ರು. ಯಜಮಾನ ಮಲಗೋ ಕಲ್ಲು. ಯಾರೂ ಮುಟ್ಟಬೇಡಿ ಅಂತ ನಿನ್ನೆ ರಾತ್ರಿ ಊಟದ ಹೊತ್ತಲ್ಲಿ ಹೇಳಿದ್ರು."

"ಕಲ್ಲು ಇದರಲ್ಲಿಲ್ಲ."

ಅವಳಿಗೂ ಆಶ್ಚರ್ಯವಾಯಿತು.

"ಬಕೆಟ್ ನೀವು ಮುಟ್ಟಿದ್ರಾ ತಾಯಿ?"

"ನಾನಾ?" ನಾದಿನಿಯ ದನಿ ಏರಿತು. "ಅವನ ಸಾಮಾನು ಮುಟ್ಟೋಕೆ ನನಗೇನು ಹುಚ್ಚಾ? ನಾನು ಆ ಕಡೆ ತಲೆ ಹಾಕಿಲ್ಲ!"

ಇನ್ಸ್‌ಪೆಕ್ಟರ್ ಜೀಪಿನಿಂದ ಒಂದು ನೀರಿನ ಬಾಟಲಿ ತಂದು ಎಲ್ಲರ ಎದುರಿಗೇ ಸೀಲು ಮುರಿದರು. ಮೂರು ಲೋಟಗಳಿಗೆ ಬಗ್ಗಿಸಿದರು. ಒಂದನ್ನು ತಾವೇ ಗಟಗಟ ಕುಡಿದರು.

"ಕುಡೀರಮ್ಮ. ಹೇಗಿದೆ?"

ಅವಳು ಕುಡಿದಳು. "ನೀರು ಸಾರ್. ಬರೀ ನೀರು."

"ತಾಯಿ, ನೀವೂ ಒಂದು ಗುಟುಕು."

ನಾದಿನಿ ಬಾಯಿಗಿಟ್ಟಳು. ಮುಖ ಕಿವುಚಿತು. ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಕಣ್ಣು ದೊಡ್ಡದಾಗಿತ್ತು.

"ಇದರಲ್ಲೂ ಹಾಕಿದ್ದಾಳೆ! ತುಕ್ಕು! ಯಾವಾಗ ಹಾಕಿದೆ? ಸಾರ್, ನನ್ನನ್ನೂ ಕೊಲ್ತಾಳೆ ಇವಳು!"

"ಬಾಟಲಿ ನನ್ನದು ತಾಯಿ," ಇನ್ಸ್‌ಪೆಕ್ಟರ್ ಮೆಲ್ಲಗೆ ಹೇಳಿದರು. "ಸೀಲು ಮುರಿದಿದ್ದು ನಾನು."

ನಾದಿನಿ ಲೋಟದತ್ತ ನೋಡಿದಳು, ಬಾಟಲಿಯತ್ತ ನೋಡಿದಳು.

*

ಮೀನಂಗಡಿಯವನು ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಹೊಸ್ತಿಲಲ್ಲೇ ಶುರುಮಾಡಿದ.

"ಸಾರ್, ಒಂಬತ್ತು ಗಂಟೆಗೆ ತಂದುಕೊಟ್ಟಾಗ ಮೀನು ಗಟ್ಟಿಮುಟ್ಟಾಗಿತ್ತು. ಒಂದು ತಿಂಗಳು ಬೇರೆ ತೊಟ್ಟಿಯಲ್ಲಿಟ್ಟು ರೋಗ ಇಲ್ಲ ಅಂತ ಖಾತ್ರಿ ಮಾಡ್ಕೊಂಡೇ..."

"ಮೀನು ತರಿಸಿದವರು ಆಸ್ಪತ್ರೆಯಲ್ಲಿದ್ದಾರೆ. ಉಸಿರಾಡೋಕೆ ಆಗ್ತಿಲ್ಲ. ತೊಟ್ಟಿ ನೋಡಿ ಹೇಳಿ, ಏನು ಬದಲಾಗಿದೆ?"

ಅವನು ತೊಟ್ಟಿಯ ಹತ್ತಿರ ಹೋದ. ಬಗ್ಗಿದ. ಹವಳಗಳೆಲ್ಲ ಮುದುಡಿಕೊಂಡಿದ್ದವು. ನಡುವೆ, ಡಬ್ಬಿಯ ಕೆಳಗೇ, ಒಂದು ದೊಡ್ಡ ಕಲ್ಲು. ಅದರ ಮೈತುಂಬ ಅಂಗಿಯ ಗುಂಡಿಗಳಂತೆ ಒತ್ತಾಗಿ ಬೆಳೆದಿದ್ದ ಹವಳ ಬೆಂದ ಮೊಟ್ಟೆಯ ಹಾಗೆ ಬೆಳ್ಳಗಾಗಿತ್ತು.

"ಇದು... ಇದು ಬಕೆಟ್ಟಲ್ಲಿ ಇರಬೇಕಿತ್ತಲ್ಲ? ಇದಕ್ಕೆ..." ಅವನು ಸರಕ್ಕನೆ ತಿರುಗಿದ. "ಈ ಕಲ್ಲಿಗೆ ಯಾರಾದ್ರೂ ಬಿಸಿನೀರು ಹಾಕಿದ್ರಾ?"

ನಾದಿನಿ ಮುಖ ತಿರುಗಿಸಿದಳು.

"ಹಾಕಿದ್ರಾ? ಹೇಳಿ! ಹಾಗಿದ್ರೆ ಹೊರಗೆ ಬನ್ನಿ! ಎಲ್ಲರೂ, ಮೊದಲು ಹೊರಗೆ ಬನ್ನಿ!"

ಅವನೇ ಮೊದಲು ಓಡಿದ. ಉಪ್ಪು ನೀರಿನಲ್ಲಿ ಕೈಯಾಡಿಸಿ ಬದುಕುವ ಮನುಷ್ಯ, ಚೂರಿ ಮೀನನ್ನು ಬರಿಗೈಯಲ್ಲಿ ಹಿಡಿಯುವವನು, ಹಾಗೆ ಓಡಿದ್ದು ನೋಡಿ ಉಳಿದವರೂ ಹಿಂದೆಯೇ ಓಡಿದರು.

*

ಬೀದಿಯ ಪಾದಚಾರಿ ಕಟ್ಟೆಯ ಮೇಲೆ ನಿಂತು ಮೀನಂಗಡಿಯವನು ಏದುಸಿರಿನಲ್ಲಿ ಹೇಳಿದ. ಆ ಗುಂಡಿ ಹವಳದ ಮೈಯಲ್ಲಿ ವಿಷವಿರುತ್ತದೆ. ನೀರೊಳಗೆ ಅದರ ಪಾಡಿಗೆ ಬಿಟ್ಟರೆ ಯಾರಿಗೂ ತೊಂದರೆಯಿಲ್ಲ. ಬಿಸಿನೀರು ಬಿದ್ದರೆ ವಿಷ ಹಬೆಯ ಜೊತೆ ಗಾಳಿಗೆ ಸೇರಬಹುದು. ಆ ಹಬೆಯನ್ನು ಉಸಿರಾಡಿದವರಿಗೆ ಬಾಯಿ ಕಹಿಯಾಗುತ್ತದೆ, ಲೋಹದ ರುಚಿ ಬರುತ್ತದೆ, ಆಮೇಲೆ ಎದೆ ಕಟ್ಟುತ್ತದೆ.

ಇನ್ಸ್‌ಪೆಕ್ಟರ್ ಅಷ್ಟನ್ನೂ ಡಾಕ್ಟರಮ್ಮನಿಗೆ ಫೋನಿನಲ್ಲಿ ಒಪ್ಪಿಸಿದರು. "ಹೊಟ್ಟೆಯಲ್ಲಿಲ್ಲ ಡಾಕ್ಟರೇ, ಶ್ವಾಸಕೋಶದಲ್ಲಿದೆ. ಹೌದು, ಹಬೆ. ಹವಳ." ಆ ಕಡೆಯಿಂದ ಯಾರನ್ನೋ ಕೂಗಿ ಕರೆದದ್ದು ಅವಳಿಗೂ ಕೇಳಿಸಿತು. "ಇನ್ನೊಂದು ಆಂಬುಲೆನ್ಸ್ ಈ ಮನೆಗೆ ಕಳಿಸಿ. ಇನ್ನೊಬ್ಬರಿದ್ದಾರೆ."

"ಇನ್ನೊಬ್ಬರು ಯಾರು ಸಾರ್?" ಕಾನ್‌ಸ್ಟೇಬಲ್ ಕೇಳಿದ.

ಇನ್ಸ್‌ಪೆಕ್ಟರ್ ಫೋನನ್ನು ಜೇಬಿಗಿಟ್ಟರು.

"ನಾವೆಲ್ಲ ಚಹಾದ ಹಿಂದೆ ಬಿದ್ವಿ. ನಾನೂ ಬಿದ್ದೆ. ಲೋಟ ತೊಳೆದಾಗಿತ್ತು, ಬೀಗದ ಕೈ ಈಯಮ್ಮನ ಹತ್ರ ಇತ್ತು. ಕತೆ ಸಲೀಸಾಗಿ ಕೂರ್ತಿತ್ತು. ಆದ್ರೆ ಡಬ್ಬಿಯಲ್ಲಿದ್ದ ಆ ಮೀನು ನನ್ನ ಬಿಡಲಿಲ್ಲ. ಮನುಷ್ಯ ಉಸಿರಿಗೆ ಒದ್ದಾಡಿ ಬಿದ್ದ. ಹೊಸ ಮೀನು ಗಾಯವಿಲ್ಲದೆ ಸತ್ತಿತು. ಹಳೇ ಮೀನೂ ಒದ್ದಾಡ್ತಿದೆ. ಅಲ್ಲಯ್ಯಾ, ಮೀನು ಚಹಾ ಕುಡಿದಿರಲಿಲ್ಲವಲ್ಲ!"

ಅವರು ನಾದಿನಿಯ ಕಡೆ ತಿರುಗಿದರು.

"ವಿಷ ಫ್ಲಾಸ್ಕಲ್ಲಿಲ್ಲ ಅಂದ್ಮೇಲೆ ಈ ತಾಯಿಗೆ ತುಕ್ಕಿನ ರುಚಿ ಬಂದಿದ್ದು ಎಲ್ಲಿಂದ? ಸುಳ್ಳು ಹೇಳ್ತಿದ್ದಾರಾ? ಇಲ್ಲ. ಮುಖ ನೋಡಿದ್ರೆ ಗೊತ್ತಾಗ್ತಿತ್ತು, ನಿಜವಾಗ್ಲೂ ಹೆದರಿದ್ರು. ಆದ್ರೆ ಮಧ್ಯಾಹ್ನದ ಬ್ರೆಡ್ಡೂ ಕೆಟ್ಟಿತ್ತು ಅಂದ್ರು. ಆಗ ಇನ್ನೂ ಚಹಾ ಮುಟ್ಟೇ ಇರಲಿಲ್ಲ. ಬ್ರೆಡ್ ಕೆಟ್ಟಿತ್ತು, ಚಹಾ ಕೆಟ್ಟಿತ್ತು, ನನ್ನ ಬಾಟಲಿ ನೀರೂ ಕೆಟ್ಟಿತ್ತು. ರುಚಿ ಲೋಟದಲ್ಲಿರಲಿಲ್ಲ. ಅವರ ಬಾಯಲ್ಲಿತ್ತು."

ನಾದಿನಿ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಅವರೂ ತಮ್ಮನೂ ಒಂದೇ ವಿಷ ಕುಡಿದಿದ್ದಾರೆ, ಉಸಿರಲ್ಲಿ. ಎಲ್ಲಿ? ಬಚ್ಚಲಲ್ಲಿ. ತೊಟ್ಟಿಯ ನೀರನ್ನ ಯಾರೂ ಬಿಸಿ ಮಾಡಿ ಇಡಲ್ಲ. ಐದು ಗಂಟೆ ದಾಟಿದ್ರೂ ಆ ಬಕೆಟ್ ನನ್ನ ಅಂಗೈಗೆ ಬೆಚ್ಚಗಿತ್ತು. ಮಧ್ಯಾಹ್ನ ಅದರ ತುಂಬ ಕುದಿಯೋ ನೀರು ಬಿದ್ದಿತ್ತು, ಬಾಗಿಲೂ ಮುಚ್ಚಿತ್ತು. ಈ ಮನೆಯಲ್ಲಿ ಬಾಚಣಿಗೆಗೂ ಕುದಿಯೋ ನೀರು ಹಾಕೋರು ಒಬ್ಬರೇ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ, ಬಕೆಟ್ ಮುಟ್ಟಿದ್ರಾ ಅಂದ ತಕ್ಷಣ ಕೂಗಾಡಿದ್ರಿ. ನೀವೇ ಅಲ್ವಾ ತಾಯಿ?"

ಎದುರುಮನೆಯ ಕಿಟಕಿಯಲ್ಲಿ ಎರಡು ತಲೆ ಕಂಡವು. ಬಿಸಿಲಿನ ಗೆರೆ ಸೂರಿಗೆ ತಲುಪಿತ್ತು.

"ನಾತ ಬರ್ತಿತ್ತು." ನಾದಿನಿಯ ದನಿ ಪಿಸುಮಾತಿಗಿಂತ ಚಿಕ್ಕದಾಗಿತ್ತು. "ಮಂಚ ಹೋಯ್ತು, ಕನ್ನಡಿ ಹೋಯ್ತು, ಉಳಿದದ್ದು ಆ ಬಚ್ಚಲು ಒಂದೇ. ಅದರಲ್ಲೂ ಲೋಳೆ ಕಲ್ಲು ತಂದಿಟ್ಟ. ಒಂದು ಹಂಡೆ ನೀರು ಕುದಿಸಿ ಹುಯ್ದೆ. ಮುಖಕ್ಕೆ ಹಬೆ ಬಂತು. ಬಾಗಿಲು ಹಾಕ್ಕೊಂಡು ಬಂದೆ. ಅಷ್ಟೇ ಸಾರ್. ಕಲ್ಲು ತಾನೇ ಅಂದ್ಕೊಂಡೆ."

"ಆಮೇಲೆ ತಮ್ಮ ಹೋಗಿ ನೋಡಿದ್ದಾರೆ," ಎಂದರು ಇನ್ಸ್‌ಪೆಕ್ಟರ್. "ಹಬೆ ತುಂಬಿದ ಬಚ್ಚಲಲ್ಲಿ ಬಗ್ಗಿ, ಟವೆಲ್ ಸುತ್ತಿ ಬಿಸಿ ಕಲ್ಲು ಎತ್ತಿ, ಉಳಿಸ್ಕೊಳ್ಳೋ ಆತುರದಲ್ಲಿ ವಾಪಸ್ ತೊಟ್ಟಿಗೆ ಬಿಟ್ಟಿದ್ದಾರೆ. ತೊಟ್ಟಿಯೂ ಹಾಳಾಯ್ತು. ಬಿದ್ದಲ್ಲಿಂದ ಅವರು ತೋರಿಸಿದ್ದು ಮೀನನ್ನಲ್ಲಮ್ಮ, ಕಲ್ಲನ್ನ."

ಅವಳು ಗೇಟಿನ ಕಂಬಿ ಹಿಡಿದುಕೊಂಡಳು. ಅವನು ಹೇಳಿದ್ದ. ತನಗೆ ಅರ್ಥವಾಗಲಿಲ್ಲ.

"ಬಿಸಿನೀರು ಹಾಕಿದ್ದು ತಪ್ಪಲ್ಲ ತಾಯಿ, ನಿಮಗೆ ಗೊತ್ತಿರಲಿಲ್ಲ. ಆದ್ರೆ ನಾನು ಕೇಳಿದಾಗ ಇಲ್ಲ ಅಂದ್ರಲ್ಲ? ಆ ಹೊತ್ತಿಗೆ ನಿಮ್ಮ ತಮ್ಮ ಯಂತ್ರದ ಮೇಲೆ ಉಸಿರಾಡ್ತಿದ್ದ. ಯಾಕೆ?"

"ಮದುವೆಯ ದಿನವೇ ಹೇಳಿದ್ದ." ನಾದಿನಿ ಕಟ್ಟೆಯ ಮೇಲೆ ಕುಸಿದು ಕುಳಿತಳು. "ಇನ್ನೊಂದು ಸಲ ನನ್ನ ತೊಟ್ಟಿ ಸಾಮಾನಿಗೆ ಕೈ ಹಾಕಿದ್ರೆ ಬೇರೆ ಮನೆ ನೋಡ್ಕೋ ಅಕ್ಕ ಅಂತ. ನಾನು ಎಲ್ಲಿಗೆ ಹೋಗ್ಲಿ?"

ಮೀನಂಗಡಿಯವನು ನೆಲ ನೋಡುತ್ತ ಗೊಣಗಿದ. "ಮದುವೆಗೆ ಮುಂಚೆ ನನ್ನ ಕೇಳಿದ್ರು ಸಾರ್. ಕಲ್ಲುಗಳ ಜಾಗ ಬದಲಿಸಿದ್ರೆ ಮೀನು ಹೊಂದ್ಕೊಳ್ಳುತ್ತಲ್ಲ, ಮನುಷ್ಯರಿಗೂ ಆಗುತ್ತಾ ಅಂತ. ತಮಾಷೆಗೆ ಕೇಳ್ತಿದ್ದಾರೆ ಅಂದ್ಕೊಂಡೆ. ಮನೆ ಸಾಮಾನೆಲ್ಲ ಎತ್ತಿಡ್ತಾರೆ ಅಂತ ಯಾರಿಗೆ ಗೊತ್ತು! ಬಿಸಿನೀರು ತಾಗಿಸಬೇಡಿ ಅಂತ ನೂರು ಸಲ ಹೇಳಿದ್ದೆ. ಮನೆಯವರಿಗೂ ಹೇಳಿರ್ತಾರೆ ಅಂದ್ಕೊಂಡೆ."

ಹೇಳಿರಲಿಲ್ಲ. ಮುಟ್ಟಬೇಡಿ ಎಂದಿದ್ದ, ಯಾಕೆ ಎಂದಿರಲಿಲ್ಲ. ಅವಳಿಗೆ ಇನ್ನೊಂದು ಮಾತು ನೆನಪಾಯಿತು. ಮೊದಲ ವಾರ ಅವಳಿಗೂ ಒಂದು ಎಚ್ಚರಿಕೆ ಸಿಕ್ಕಿತ್ತು: ನಮ್ಮಕ್ಕನ ಜೊತೆ ಹೊಂದ್ಕೊಂಡು ಹೋಗೋಕಾಗದಿದ್ರೆ ನಿಮ್ಮಮ್ಮನ ಮನೆಗೆ ಹೋಗು. ಈ ಮೂರು ತಿಂಗಳೂ ಅವಳು ಹಿಂದಿನ ಕೋಣೆಯ ಹೆಜ್ಜೆ ಸದ್ದಿಗೆ ಬೆಚ್ಚಿದ್ದಳು. ಆ ಕೋಣೆಯೊಳಗಿದ್ದವಳೂ ಅದೇ ಭಯದಲ್ಲಿ ಇವಳ ಹೆಜ್ಜೆಗೆ ಬೆಚ್ಚಿದ್ದಳು. ಅವಳಿಗೆ ನಾದಿನಿಯ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಳು ಬಂತು.

ನಾದಿನಿ ಕೆಮ್ಮತೊಡಗಿದಳು. ಕೆಮ್ಮು ನಿಲ್ಲಲಿಲ್ಲ. ಉಸಿರು ಸೀಟಿ ಹೊಡೆಯಿತು. ಅದೇ ಸೀಟಿ!

"ಅಕ್ಕ! ನನ್ನ ಕಡೆ ನೋಡಿ. ಮುಂದಕ್ಕೆ ಬಗ್ಗಿ ಕೂತ್ಕೊಳ್ಳಿ. ಮೆಲ್ಲಗೆ ಎಳೀರಿ ಉಸಿರು, ಮೆಲ್ಲಗೆ." ಅವಳು ಮಂಡಿಯೂರಿ ನಾದಿನಿಯ ಎರಡೂ ಕೈ ಹಿಡಿದುಕೊಂಡಳು. ಈ ಸಲ ಅವಳ ಕೈ ಏನನ್ನೂ ತೊಳೆಯಲು ಹೋಗಲಿಲ್ಲ. ತಿರುವಿನಲ್ಲಿ ಆಂಬುಲೆನ್ಸಿನ ಸದ್ದು ಕೇಳುವವರೆಗೂ ಹಿಡಿದೇ ಇದ್ದಳು.

*

ಮೂರನೆಯ ದಿನ ಅವನಿಗೆ ಹಾಕಿದ್ದ ಉಸಿರಾಟದ ಯಂತ್ರ ತೆಗೆದರು. ಡಾಕ್ಟರಮ್ಮ ಮೊದಲ ಸಲ ನಕ್ಕರು. "ಇನ್ನೊಂದು ಗಂಟೆ ತಡವಾಗಿದ್ರೆ ನಾನು ನಗ್ತಿರಲಿಲ್ಲ," ಎಂದರು.

ಅವನ ಮಂಚದ ಒಂದು ಕಡೆ ಅವಳು ನಿಂತಿದ್ದಳು. ಇನ್ನೊಂದು ಕಡೆ ಗಾಲಿಕುರ್ಚಿಯಲ್ಲಿ ನಾದಿನಿ, ಮೂಗಿಗೆ ಆಮ್ಲಜನಕದ ನಳಿಗೆ. ಅವನು ಕಣ್ಣು ಬಿಟ್ಟು, ಗಂಟಲು ಕೆರೆದುಕೊಂಡು, ಮೊದಲ ಮಾತು ಆಡಿದ.

"ಯಜಮಾನ ಹೇಗಿದೆ?"

"ಮೀನಂಗಡಿಯವರ ತೊಟ್ಟಿಯಲ್ಲಿದೆ. ಬದುಕಿದೆ," ಎಂದಳು ಅವಳು.

ಅವನು ಕಣ್ಣು ಮುಚ್ಚಿ ಮತ್ತೆ ತೆರೆದ. "ಕಲ್ಲಿಗೆ ಬಿಸಿನೀರು ಹಾಕಿದ್ದು ಯಾರು?"

ಗಾಲಿಕುರ್ಚಿಯ ಹಿಡಿಯ ಮೇಲೆ ನಾದಿನಿಯ ಬೆರಳುಗಳು ಬಿಗಿದವು. ಅವಳು ಅದನ್ನು ನೋಡಿದಳು. ಆ ಬೆರಳುಗಳ ಭಯ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಹೇಳ್ತೀವಿ," ಎಂದಳು. "ಮೊದಲು ನೀವು ಹೇಳಿ. ಹಾಕಿದ್ರೆ ಏನಾಗುತ್ತೆ ಅಂತ ನಮಗೆ ಯಾಕೆ ಹೇಳಲಿಲ್ಲ?"

ಅವನು ಅವಳನ್ನು ನೋಡಿದ. ಅಕ್ಕನನ್ನು ನೋಡಿದ. ಬಾಯಿ ತೆರೆದ, ಮುಚ್ಚಿದ.

ಮಾತಾಡಿದವಳು ನಾದಿನಿ. ತಮ್ಮನ ಕಡೆ ನೋಡದೆ, ಮಂಚದ ಆಚೆ ನಿಂತವಳನ್ನು ನೋಡಿ, ಒಡೆದ ದನಿಯಲ್ಲಿ ಕೇಳಿದಳು.

"ಊಟ ಆಯ್ತಾ?"

ಅವಳಿಗೆ ಒಂದು ಕ್ಷಣ ತನ್ನನ್ನೇ ಕೇಳಿದ್ದೆಂದು ನಂಬಿಕೆಯಾಗಲಿಲ್ಲ.

"ಇಲ್ಲ ಅಕ್ಕ. ನಿಮ್ಮದು?"

"ಬಾಯಿ ಇನ್ನೂ ತುಕ್ಕು. ಆದರೂ ಕುರ್ಚಿ ತಳ್ಳು ನಡಿ, ಕೆಳಗೆ ಹೋಗಿ ಏನಾದ್ರೂ ತಿನ್ನೋಣ. ಅವನು ಅಷ್ಟರೊಳಗೆ ಉತ್ತರ ಯೋಚಿಸಲಿ."